ತಂಪಿಗೂ ಒಂದು ಕೊಳಾಯಿ

ಕೆನಡಾದ ಟೊರಾಂಟೊ ನಗರದಲ್ಲಿ ಕುಡಿಯುವ ನೀರಿಗೆ ಎರಡು ಕೆಲಸ. ಮನೆಮನೆಯ ನಲ್ಲಿಗೆ ಹೋಗುವ ಮುಂಚೆ ಅದು ಊರ ನಡುವಿನ ಆಸ್ಪತ್ರೆ, ಬ್ಯಾಂಕು, ನಗರಸಭಾ ಕಟ್ಟಡ, ಕ್ರೀಡಾಂಗಣಗಳ ಸೆಕೆಯನ್ನು ಹೀರಿಕೊಂಡು ಬರಬೇಕು. ಒಂಟಾರಿಯೊ ಸರೋವರದ ದಡದಿಂದ ಸುಮಾರು ಐದು ಕಿಲೊಮೀಟರ್ ಒಳಕ್ಕೆ, 83 ಮೀಟರ್ ಆಳಕ್ಕೆ ಮೂರು ದಪ್ಪ ಪ್ಲಾಸ್ಟಿಕ್ ಕೊಳವೆಗಳನ್ನು ಇಳಿಬಿಟ್ಟಿದ್ದಾರೆ. ಅಲ್ಲಿಂದ ಬರುವ ನೀರು ಜನವರಿಯಲ್ಲೂ 4 ಡಿಗ್ರಿ, ಜುಲೈಯಲ್ಲೂ 4 ಡಿಗ್ರಿ ಸೆಲ್ಸಿಯಸ್.

ಇದು ಯಾವ ಯಂತ್ರದ ಕರಾಮತ್ತೂ ಅಲ್ಲ, ನೀರಿನದೇ ಹಟ. ತಣ್ಣಗಾದಷ್ಟೂ ಭಾರವಾಗುತ್ತ ಹೋಗುವ ನೀರು 4 ಡಿಗ್ರಿಗೆ ಬಂದಾಗ ಇದ್ದಕ್ಕಿದ್ದಂತೆ ಮನಸ್ಸು ಬದಲಿಸುತ್ತದೆ. ಅದಕ್ಕಿಂತ ತಣ್ಣಗಾದರೆ ಹಿಗ್ಗಿ ಹಗುರವಾಗುತ್ತದೆ. ಚಳಿಗಾಲದಲ್ಲಿ 4 ಡಿಗ್ರಿ ಮುಟ್ಟಿದ ನೀರೆಲ್ಲ ಸರೋವರದ ತಳ ಸೇರುತ್ತದೆ. ಇನ್ನೂ ತಣ್ಣಗಿನದು ಮೇಲೆ ತೇಲಿ ಹೆಪ್ಪುಗಟ್ಟುತ್ತದೆ. ಬೇಸಿಗೆ ಬಂದಾಗ ಬಿಸಿಲು ಕಾಯಿಸುವುದು ಮೇಲ್ಪದರವನ್ನು ಮಾತ್ರ. ಕಾದ ನೀರು ಹಗುರವಾಗಿ ಮೇಲೆಯೇ ಉಳಿಯುವುದರಿಂದ ತಳದ ಚಳಿ ಅಲ್ಲಾಡುವುದಿಲ್ಲ. ಕಳೆದ ಚಳಿಗಾಲವನ್ನು ಸರೋವರ ಹೀಗೆ ತನ್ನ ಹೊಟ್ಟೆಯಲ್ಲಿ ಮುಂದಿನ ಬೇಸಿಗೆಗೆಂದು ಇಟ್ಟುಕೊಂಡಿರುತ್ತದೆ.

2004ರಲ್ಲಿ ಎನ್‌ವೇವ್ ಎಂಬ ಸಂಸ್ಥೆ ನಗರದ ಜಲಮಂಡಳಿಯ ಜೊತೆ ಸೇರಿ ಈ ದಾಸ್ತಾನಿಗೆ ಕೈಹಾಕಿತು. ಶುದ್ಧೀಕರಿಸಿದ ತಣ್ಣೀರನ್ನು ಉಕ್ಕಿನ ತೆಳು ತಗಡುಗಳ ಒಂದು ಬದಿಯಲ್ಲಿ ಹರಿಸುತ್ತಾರೆ. ಇನ್ನೊಂದು ಬದಿಯಲ್ಲಿ, ಕಟ್ಟಡಗಳನ್ನು ಸುತ್ತಿ ಬೆಚ್ಚಗಾಗಿ ಬಂದ ಬೇರೆ ನೀರು ಹರಿಯುತ್ತದೆ. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ತಗಡು ದಾಟುತ್ತದೆ. ತಣ್ಣಗಾದ ನೀರು ಮತ್ತೆ ಕಟ್ಟಡಗಳತ್ತ ಹೊರಡುತ್ತದೆ. ತುಸು ಬೆಚ್ಚಗಾದ ಸರೋವರದ ನೀರು ಜನರ ನಲ್ಲಿಗೆ ಹೋಗುತ್ತದೆ. ಸರೋವರಕ್ಕೆ ಶಾಖ ವಾಪಸು ಹೋಗುವುದಿಲ್ಲವಾದ್ದರಿಂದ ಮೀನುಗಳಿಗೂ ತಕರಾರಿಲ್ಲ.

ಬೆಂಗಳೂರಿನ ಕೆರೆಗಳಲ್ಲಿ ಇದನ್ನು ಮಾಡಬಹುದೇ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. ನಮ್ಮವು ಪೂರ್ವಿಕರು ಬೇಸಾಯಕ್ಕೆಂದು ಏರಿ ಹಾಕಿ ಕಟ್ಟಿದ ಕೆರೆಗಳು, ಆಳ ಕೆಲವೇ ಮೀಟರ್. ನಮ್ಮ ಚಳಿಗಾಲಕ್ಕಂತೂ ನೀರನ್ನು 4 ಡಿಗ್ರಿಗೆ ಇಳಿಸುವ ತಾಕತ್ತಿಲ್ಲ. ಬೆಳ್ಳಂದೂರು ಕೆರೆಯೋ ನೊರೆಯ ಮೇಲೆ ಬೆಂಕಿ ಹೊತ್ತಿ ಉರಿದು ಜಗತ್ತಿನ ಸುದ್ದಿಯಾದದ್ದು. ಅದರ ಹತ್ತಿರ ಹೋಗಿ ತಂಪು ಕೇಳುವುದಕ್ಕೆ ಸಂಕೋಚವಾಗುತ್ತದೆ.

ಆದರೆ ಟೊರಾಂಟೊದ ಕಥೆಯಿಂದ ಸರೋವರವನ್ನು ತೆಗೆದುಬಿಟ್ಟರೂ ಒಂದು ಮುಖ್ಯ ಸಂಗತಿ ಉಳಿಯುತ್ತದೆ. ತಂಪನ್ನು ಒಂದು ಕಡೆ ಸಿದ್ಧಪಡಿಸಿ, ನೆಲದಡಿಯ ಕೊಳವೆಗಳಲ್ಲಿ ಹತ್ತಾರು ಕಟ್ಟಡಗಳಿಗೆ ಹಂಚಿ, ಮೀಟರ್ ಇಟ್ಟು ಬಿಲ್ ಕಳಿಸುವ ಏರ್ಪಾಡು ಅದು. ಎಂಜಿನಿಯರುಗಳು ಇದನ್ನು ಡಿಸ್ಟ್ರಿಕ್ಟ್ ಕೂಲಿಂಗ್ ಎನ್ನುತ್ತಾರೆ. ನಾವು ಸಾಮೂಹಿಕ ತಂಪು ಎನ್ನೋಣ. ಸರೋವರ ಇಲ್ಲದ ಊರಿನಲ್ಲಿ ದೊಡ್ಡ ಚಿಲ್ಲರ್ ಯಂತ್ರಗಳು ಆ ಕೆಲಸ ಮಾಡುತ್ತವೆ. 5-6 ಡಿಗ್ರಿಯ ನೀರು ಹೋಗುತ್ತದೆ, 13-14 ಡಿಗ್ರಿಯದಾಗಿ ಹಿಂದಿರುಗುತ್ತದೆ. ಅಷ್ಟೇ ನೋಡಿ ಇಡೀ ತಂತ್ರ.

ಹೊಸದೂ ಅಲ್ಲ. ಅಮೆರಿಕದ ಡೆನ್ವರ್, ಬಾಸ್ಟನ್ ನಗರಗಳಲ್ಲಿ 19ನೇ ಶತಮಾನ ಮುಗಿಯುವ ಹೊತ್ತಿಗೇ ಮಾಂಸ, ಹಣ್ಣು ಕೆಡದಂತೆ ಇಡಲು ಮಂಡಿಗಳಿಗೆ ಕೊಳವೆಯಲ್ಲಿ ಚಳಿ ಸರಬರಾಜಾಗುತ್ತಿತ್ತು. ಕಚೇರಿಗಳಿಗೆ ತಂಪು ಮಾರುವ ಆಧುನಿಕ ವ್ಯವಸ್ಥೆ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ 1962ರಲ್ಲಿ ಶುರುವಾಯಿತು. ಪ್ಯಾರಿಸ್ ಹೊರವಲಯದ ಲಾ ದೆಫಾನ್ಸ್‌ಗೆ 1967ರಲ್ಲಿ ಬಂತು. ಅದಕ್ಕೂ ಹಿಂದೆ, 1833ರಲ್ಲಿ, ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಅಲ್ಲಿನ ಕೊಳಗಳ ಮಂಜುಗಡ್ಡೆಯನ್ನು ಹೊಟ್ಟಿನಲ್ಲಿ ಹುದುಗಿಸಿ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ್ದ. ದಾರಿಯಲ್ಲಿ ಸಾಕಷ್ಟು ಕರಗಿದರೂ ಉಳಿದದ್ದಕ್ಕೆ ಒಳ್ಳೆಯ ಬೆಲೆ ಸಿಕ್ಕಿತು. ಆ ವ್ಯಾಪಾರಕ್ಕೆಂದು ಕಟ್ಟಿದ ಮದ್ರಾಸಿನ ಐಸ್ ಹೌಸ್ ಇಂದಿಗೂ ಕಡಲ ದಂಡೆಯಲ್ಲಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು. ಒಂದೂವರೆ ಟನ್ ಎಸಿ ಎಂದು ನಾವು ಅಂಗಡಿಯಲ್ಲಿ ಕೇಳುವುದು ಆ ಮಂಜುಗಡ್ಡೆಯ ಕಾಲದ ಲೆಕ್ಕವನ್ನೇ. 907 ಕಿಲೊ, ಅಂದರೆ ಅಮೆರಿಕದ ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತ ಹೀರುವಷ್ಟು ಶಾಖವನ್ನು ಯಂತ್ರ ಸಾಗಿಸಿದರೆ ಅದು ಒಂದು ಟನ್ ಯಂತ್ರ, ಸುಮಾರು ಮೂರೂವರೆ ಕಿಲೊವಾಟ್.

ಆ ಒಂದೂವರೆ ಟನ್ ಎಸಿಯನ್ನೇ ತೆಗೆದುಕೊಳ್ಳಿ. ಕೋಣೆಯಿಂದ ಅದು ಐದು ಕಿಲೊವಾಟ್‌ಗಿಂತ ತುಸು ಹೆಚ್ಚು ಶಾಖವನ್ನು ಎತ್ತುತ್ತದೆ. ಎತ್ತಲು ಒಂದೂವರೆ ಕಿಲೊವಾಟ್ ವಿದ್ಯುತ್ ತಿನ್ನುತ್ತದೆ. ಆ ವಿದ್ಯುತ್ತೂ ಕೊನೆಗೆ ಶಾಖವೇ. ಎರಡನ್ನೂ ಕೂಡಿಸಿ ಆರೂವರೆ ಕಿಲೊವಾಟ್‌ಗೂ ಹೆಚ್ಚನ್ನು ಗೋಡೆಯಾಚೆ ಬೀದಿಗೆ ಉಗುಳುತ್ತದೆ. ಬೀದಿ ಕಾದಷ್ಟೂ ಪಕ್ಕದ ಮನೆಯ ಎಸಿಗೆ ದುಡಿಮೆ ಹೆಚ್ಚು. ಅದು ಉಗುಳಿದ ಶಾಖ ಮರಳಿ ಇವರಿಗೆ. ಅಮೆರಿಕದ ಮರುಭೂಮಿ ನಗರ ಫೀನಿಕ್ಸ್ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಎಸಿಗಳ ಶಾಖವೊಂದರಿಂದಲೇ ಅಲ್ಲಿನ ರಾತ್ರಿ ಕೆಲವೆಡೆ ಒಂದು ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತದೆ. ಎಸಿ ಇರುವವರ ಸೆಕೆಯನ್ನು ಎಸಿ ಇಲ್ಲದವರು ಹೊರುವ ವ್ಯವಸ್ಥೆ ಇದು. ನಮ್ಮ ದೇಶದ ಬಹುಪಾಲು ಮನೆಗಳು ಎರಡನೆಯ ಗುಂಪಿನಲ್ಲಿವೆ: 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಭಾರತದ ತಂಪು ಕ್ರಿಯಾಯೋಜನೆಯ ಪ್ರಕಾರ ಎಸಿ ಇದ್ದದ್ದು ಶೇ. 8ರಷ್ಟು ಮನೆಗಳಲ್ಲಿ ಮಾತ್ರ. ಆದರೆ ಕೊಳ್ಳುವವರ ಸಾಲು ಉದ್ದವಿದೆ. ಜಗತ್ತಿನಲ್ಲಿ 2016ರಲ್ಲಿ 160 ಕೋಟಿ ಇದ್ದ ಎಸಿಗಳು 2050ರ ಹೊತ್ತಿಗೆ 560 ಕೋಟಿ ಆಗಬಹುದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತ್ತು.

ಸಾಮೂಹಿಕ ತಂಪಿನಿಂದ ಇದರಲ್ಲಿ ಎಷ್ಟು ಉಳಿತಾಯ? ಮೊದಲನೆಯ ಲಾಭ ಯಂತ್ರಶಾಸ್ತ್ರಕ್ಕಿಂತ ಜನರ ದಿನಚರಿಗೆ ಸಂಬಂಧಿಸಿದ್ದು. ಹಿಂದೆ ಮನೆಗೊಂದು ಬೀಸುಕಲ್ಲು ಇತ್ತು, ಆಮೇಲೆ ಊರಿಗೊಂದು ಹಿಟ್ಟಿನ ಗಿರಣಿ ಬಂತು. ಊರಲ್ಲಿ ನೂರು ಮನೆಗಳಿದ್ದರೂ ಗಿರಣಿಯವನಿಗೆ ನೂರು ಕಲ್ಲು ಬೇಕಾಗಲಿಲ್ಲ. ನೂರೂ ಮನೆಯವರು ಒಂದೇ ಗಳಿಗೆಗೆ ರಾಗಿ ಹೊತ್ತು ಬರುವುದಿಲ್ಲ. ಹಾಗೆಯೇ ಕಚೇರಿಗೆ ಸೆಕೆಯಾಗುವುದು ಮಧ್ಯಾಹ್ನ, ಮಾಲ್ ಮತ್ತು ಸಿನಿಮಾ ಮಂದಿರಗಳಿಗೆ ಸಂಜೆ, ಹೋಟೆಲ್ ಕೋಣೆಗಳಿಗೆ ರಾತ್ರಿ. ಪ್ರತಿಯೊಂದು ಕಟ್ಟಡವೂ ತನ್ನ ಅತಿ ಸೆಕೆಯ ದಿನಕ್ಕೆಂದು ಯಂತ್ರ ಹಾಕಿಸಿ, ಕೈಕೊಟ್ಟರೆ ಇರಲಿ ಎಂದು ಮತ್ತೊಂದನ್ನು ಪಕ್ಕದಲ್ಲಿಟ್ಟು, ವರ್ಷದ ಬಹುಪಾಲು ದಿನ ಅರ್ಧ ಶಕ್ತಿಯಲ್ಲಿ ಓಡಿಸುತ್ತದೆ. ಹತ್ತು ಕಟ್ಟಡಗಳು ತಲಾ ಸಾವಿರ ಟನ್ ಯಂತ್ರ ಇಟ್ಟುಕೊಳ್ಳುವ ಕಡೆ ಒಂದೇ ಸ್ಥಾವರವಾದರೆ ಏಳು-ಎಂಟು ಸಾವಿರ ಟನ್ನಿನಲ್ಲಿ ಕೆಲಸ ಸಾಗುತ್ತದೆ.

ಎರಡನೆಯದು ಯಂತ್ರದ ಗುಣ. ಗೋಡೆಗೆ ನೇತುಹಾಕಿದ ಎಸಿ ತನ್ನ ಶಾಖವನ್ನು ಕಾದ ಗಾಳಿಗೇ ಒಪ್ಪಿಸಬೇಕು. ದೊಡ್ಡ ಸ್ಥಾವರ ಅದನ್ನು ನೀರಿಗೆ ಕೊಡುತ್ತದೆ, ಆ ನೀರನ್ನು ಗೋಪುರದಲ್ಲಿ ಹನಿಹನಿಯಾಗಿ ಸುರಿದು ಆವಿಯಾಗಿಸಿ ತಣಿಸುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಗಾಳಿ 35 ಡಿಗ್ರಿ ಇದ್ದರೂ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಒಣಹವೆಯಲ್ಲಿ 22ರ ಆಸುಪಾಸು ತೋರಿಸುತ್ತದೆ. ಗೋಪುರದ ನೀರು ಹೆಚ್ಚುಕಡಿಮೆ ಆ ಮಟ್ಟದವರೆಗೂ ತಣಿಯಬಲ್ಲದು. ಶಾಖವನ್ನು 35ರ ಬೆಟ್ಟ ಹತ್ತಿಸುವುದಕ್ಕಿಂತ ಇಪ್ಪತ್ತೈದು-ಇಪ್ಪತ್ತಾರರವರೆಗೆ ಏರಿಸುವುದು ಸುಲಭ. ಹೀಗಾಗಿ ಒಂದು ಪಾಲು ವಿದ್ಯುತ್ತಿಗೆ ಕೋಣೆಯ ಎಸಿ ಮೂರು-ಮೂರೂವರೆ ಪಾಲು ಶಾಖ ಎತ್ತಿದರೆ, ದೊಡ್ಡ ಚಿಲ್ಲರ್ ಆರು ಪಾಲು ಎತ್ತಬಲ್ಲದು. ಗೋಪುರ, ಪಂಪುಗಳ ಖರ್ಚನ್ನು ಕಳೆದರೂ ಗಣನೀಯ ಉಳಿತಾಯವೇ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ತಂಪನ್ನು ತೊಟ್ಟಿಯಲ್ಲಿ ತುಂಬಿಡಬಹುದು. ಎಂಟು ಡಿಗ್ರಿ ತಣಿಸಿದ ಸಾವಿರ ಲೀಟರ್ ನೀರು, ಒಂದೂವರೆ ಟನ್ ಎಸಿ ಒಂದೂಮುಕ್ಕಾಲು ಗಂಟೆಯಲ್ಲಿ ಮಾಡುವ ಕೆಲಸವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಕರ್ನಾಟಕಕ್ಕೆ ಇದು ಬರೀ ಲೆಕ್ಕವಲ್ಲ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಂಥವು ವಿದ್ಯುತ್ ಸುರಿಸುವುದು ನೆತ್ತಿಯ ಮೇಲೆ ಸೂರ್ಯನಿದ್ದಾಗ. ರಾಜ್ಯಕ್ಕೆ ಹಪಹಪಿ ಶುರುವಾಗುವುದು ಅವನು ಮುಳುಗಿದ ಮೇಲೆ. ಮಧ್ಯಾಹ್ನದ ಸೌರ ವಿದ್ಯುತ್ತಿನಲ್ಲಿ ನೀರು ತಣಿಸಿಟ್ಟು ಸಂಜೆ ಹಂಚಿದರೆ ಅದೇ ಒಂದು ದೊಡ್ಡ ಬ್ಯಾಟರಿ. ಅದಕ್ಕೆ ಲಿಥಿಯಂ ಬೇಡ, ಕೋಬಾಲ್ಟ್ ಬೇಡ. ಸಿಮೆಂಟು ಮತ್ತು ನೀರು ಸಾಕು. ದುಬೈಯ ಬುರ್ಜ್ ಖಲೀಫಾ ಪ್ರದೇಶದ ಸ್ಥಾವರದಲ್ಲಿ ಇದೇ ಕೆಲಸವನ್ನು ರಾತ್ರಿ ಮಂಜುಗಡ್ಡೆ ಕಟ್ಟಿ ಹಗಲು ಕರಗಿಸಿ ಮಾಡುತ್ತಾರೆ.

ಇನ್ನು ಎಸಿಯೊಳಗಿನ ಅನಿಲದ ಮಾತು. ಬಹಳಷ್ಟು ಎಸಿಗಳಲ್ಲಿರುವ ಆರ್-410ಎ ಒಂದು ಕಿಲೊ ಸೋರಿದರೆ ಎರಡು ಟನ್ನಿಗೂ ಮಿಕ್ಕ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. ಹೊಸತಾದ ಆರ್-32ಕ್ಕೆ ಆ ಲೆಕ್ಕ 675 ಕಿಲೊ. 2016ರ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ 2047ರ ಹೊತ್ತಿಗೆ ಇಂಥ ಅನಿಲಗಳ ಬಳಕೆಯನ್ನು ನಾವು ಶೇ. 85ರಷ್ಟು ತಗ್ಗಿಸಬೇಕು. ಕೋಟಿಗಟ್ಟಲೆ ಗೋಡೆಗಳ ಮೇಲಿನ ಸೋರಿಕೆಯನ್ನು ಕಾಯುವವರು ಯಾರು? ಒಂದು ಸ್ಥಾವರದ ನಾಲ್ಕಾರು ಯಂತ್ರಗಳನ್ನಾದರೆ ಕಾಯಬಹುದು. ಮನೆಯೊಳಗೆ ಇಡಲಾಗದ, ವಿಷಕಾರಿಯಾದರೂ ಹವಾಮಾನಕ್ಕೆ ಹಾನಿ ಮಾಡದ ಅಮೋನಿಯಾವನ್ನೂ ಅಲ್ಲಿ ಬಳಸಬಹುದು.

ಇಷ್ಟೆಲ್ಲ ಒಳ್ಳೆಯದಿದ್ದರೆ ಊರೂರಿಗೂ ಯಾಕಿಲ್ಲ? ಯಾಕೆಂದರೆ ಕಷ್ಟ ಇರುವುದು ಯಂತ್ರದಲ್ಲಲ್ಲ, ರಸ್ತೆಯಡಿ. ಒಂದು ಟನ್ ತಂಪು ಸಾಗಿಸಲು ನಿಮಿಷಕ್ಕೆ ಆರು ಲೀಟರಿಗಿಂತ ಹೆಚ್ಚು ನೀರು ಹರಿಯಬೇಕು. ಹತ್ತು ಸಾವಿರ ಟನ್ನಿಗೆ ಸೆಕೆಂಡಿಗೆ ಸಾವಿರ ಲೀಟರ್. ಅದಕ್ಕೆ ಎರಡೂವರೆ ಅಡಿ ಅಗಲದ ಕೊಳವೆ, ಹೋಗಲೊಂದು, ಬರಲೊಂದು, ಎರಡಕ್ಕೂ ದಪ್ಪನೆಯ ಉಷ್ಣರೋಧಕ ಹೊದಿಕೆ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಹೆಸರಿನ ರಸ್ತೆಗಳ ಪಾದಚಾರಿ ಮಾರ್ಗದಡಿ ಕೇಬಲ್ಲು, ಕೊಳವೆಗಳಿಗೆ ಪ್ರತ್ಯೇಕ ಕಾಲುವೆ ಕೊಟ್ಟದ್ದನ್ನೇ ನಾವು ಸಾಹಸ ಎಂದುಕೊಂಡೆವು. ಇದು ಆ ಕಾಲುವೆಗಳಲ್ಲಿ ಹಿಡಿಸುವ ಸಾಮಾನಲ್ಲ.

ಪ್ಯಾರಿಸ್ ಪಾರಾದದ್ದು ತನ್ನ ಚರಂಡಿಗಳಿಂದ. 19ನೇ ಶತಮಾನದಲ್ಲಿ ಆಡಳಿತಾಧಿಕಾರಿ ಓಸ್ಮಾನ್ ನಗರವನ್ನು ಕೆಡವಿ ಕಟ್ಟುವಾಗ ಅವನ ಎಂಜಿನಿಯರ್ ಬೆಲ್‌ಗ್ರಾಂ ಆಳೆತ್ತರದ ಚರಂಡಿ ಸುರಂಗಗಳನ್ನು ಹಾಸಿದ್ದ. 1991ರಲ್ಲಿ ತಂಪಿನ ಗುತ್ತಿಗೆ ಶುರುವಾದಾಗ ಕೊಳವೆಗಳಿಗೆ ಆ ಸುರಂಗಗಳಲ್ಲೇ ಜಾಗ ಸಿಕ್ಕಿತು. ಈಗ ಲೂವ್ರ್ ವಸ್ತುಸಂಗ್ರಹಾಲಯದ ತಂಪೂ ಅದೇ ಜಾಲದಿಂದ ಬರುತ್ತದೆ. ಸೆನ್ ನದಿ ಯಂತ್ರಗಳ ಶಾಖವನ್ನು ಒಯ್ಯುತ್ತದೆ. ಚಳಿಗಾಲದಲ್ಲಿ ನದಿ 8 ಡಿಗ್ರಿಗಿಂತ ಕೆಳಗಿಳಿದರೆ ಯಂತ್ರಗಳಿಗೆ ಬಹುಪಾಲು ರಜೆ, ನದಿಯೇ ನೇರವಾಗಿ ತಂಪು ಕೊಡುತ್ತದೆ. 2022ರಿಂದ ಜಾರಿಯಾದ ಹೊಸ ಗುತ್ತಿಗೆಯಂತೆ 2042ರ ಹೊತ್ತಿಗೆ ಈ ಜಾಲ 252 ಕಿಲೊಮೀಟರ್ ಆಗಬೇಕು.

ಸಿಂಗಪುರಕ್ಕೆ ಅಂಥ ಚರಂಡಿಗಳಿರಲಿಲ್ಲ, ಕಾನೂನಿತ್ತು. ಮರೀನಾ ಬೇ ಪ್ರದೇಶದಲ್ಲಿ ಕಟ್ಟಡಗಳು ಏಳುವ ಮೊದಲೇ, 2001ರಲ್ಲಿ, ಸಾಮೂಹಿಕ ತಂಪಿಗೆಂದೇ ಕಾಯ್ದೆ ಬಂತು. ಆ ವಲಯದಲ್ಲಿ ಕಟ್ಟುವವರು ಈ ಜಾಲಕ್ಕೆ ಸೇರಲೇಬೇಕು. ಬದಲಿಗೆ ದರದ ಮೇಲೆ ಸರ್ಕಾರದ ಹಿಡಿತ: ಸ್ವಂತ ಯಂತ್ರ ಇಟ್ಟುಕೊಂಡರೆ ಎಷ್ಟು ಬೀಳುತ್ತಿತ್ತೋ ಅದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. 2006ರಲ್ಲಿ ನೆಲದಡಿಯ ಸ್ಥಾವರ ಚಾಲೂ ಆಯಿತು. ಈ ಎರಡು ಷರತ್ತುಗಳು ಜೋಡಿಯಾಗಿಯೇ ಬರಬೇಕು. ಸೇರುವುದು ಕಡ್ಡಾಯ ಮಾಡಿ ದರವನ್ನು ಕಂಪನಿಗೆ ಬಿಟ್ಟರೆ, ಫ್ಲಾಟಿಗೆ ಬೀಗ ಹಾಕಿ ಊರಿಗೆ ಹೋದವರಿಗೂ ತಿಂಗಳ ನಿಗದಿ ಶುಲ್ಕದ ಬಿಲ್ಲು ಬರುತ್ತಿರುತ್ತದೆ; ಒಂದೇ ಗಿರಣಿ ಇರುವ ಊರಿನಲ್ಲಿ ಚೌಕಾಸಿಗೆ ಜಾಗವಿಲ್ಲ.

ಗಿರಾಕಿಗಳೇ ಬಾರದೆ ಹೋದರೆ? ಅದರ ಪಾಠ ನಮ್ಮ ನೆರೆಯಲ್ಲೇ ಇದೆ. ಆಂಧ್ರದ ಹೊಸ ರಾಜಧಾನಿ ಅಮರಾವತಿಯ ಹೈಕೋರ್ಟು, ಸಚಿವಾಲಯಗಳಿಗೆ 20,000 ಟನ್ ತಂಪು ಒದಗಿಸಲು ಅಬುಧಾಬಿಯ ತಬ್ರೀದ್ ಕಂಪನಿಯ ಜೊತೆ 2019ರ ಆರಂಭದಲ್ಲಿ ಒಪ್ಪಂದವಾಯಿತು. ಅದೇ ವರ್ಷ ಸರ್ಕಾರ ಬದಲಾಗಿ ರಾಜಧಾನಿಯೇ ನನೆಗುದಿಗೆ ಬಿತ್ತು. ಮಾಡಿ ತೋರಿಸಿದ್ದು ಗುಜರಾತಿನ ಗಿಫ್ಟ್ ಸಿಟಿ. ಖಾಲಿ ನೆಲದಲ್ಲಿ ಮೊದಲು ಸುರಂಗ ತೋಡಿ, ವಿದ್ಯುತ್ತು, ನೀರು, ತಂಪು ಎಲ್ಲಕ್ಕೂ ಅಲ್ಲೇ ಜಾಗ ಮಾಡಿ, ಆಮೇಲೆ ಮೇಲಿನ ಕಟ್ಟಡಗಳಿಗೆ ಕೈಹಾಕಿದರು. 2015ರಿಂದ ಅಲ್ಲಿ 10,000 ಟನ್ನಿನ ಸ್ಥಾವರ ಇದೆ, ದೇಶದ ಮೊದಲ ಸಾಮೂಹಿಕ ತಂಪು ವ್ಯವಸ್ಥೆ ಅದು.

ಬೆಂಗಳೂರಿನವರು ಇಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕು, ಕೇಳುತ್ತಾರೆ ಕೂಡ: ನೀರು? ಗೋಪುರದಲ್ಲಿ ಆವಿಯಾಗಿ ಹೋಗುವ ನೀರು ಟನ್ನಿಗೆ ಗಂಟೆಗೆ ಸುಮಾರು ಆರು ಲೀಟರ್. ಲವಣ ಕಟ್ಟಿಕೊಳ್ಳದಂತೆ ಹೊರಬಿಡುವುದನ್ನೂ ಸೇರಿಸಿದರೆ ಏಳೆಂಟು. ಹತ್ತು ಸಾವಿರ ಟನ್ನಿನ ಸ್ಥಾವರ ದಿನಕ್ಕೆ ಹದಿನಾರು ಗಂಟೆ, ಸರಾಸರಿ ಅರ್ಧ ಶಕ್ತಿಯಲ್ಲಿ ಓಡಿದರೆ ಆರು ಲಕ್ಷ ಲೀಟರ್. ನೂರು ಕಿಲೊಮೀಟರ್ ದೂರದಿಂದ ಎತ್ತಿ ತಂದ ಕಾವೇರಿಯನ್ನು ಹೀಗೆ ಗಾಳಿಗೆ ತೂರಿದರೆ, 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತವರು ಸುಮ್ಮನಿರಬೇಕೇ? ಕಾವೇರಿಯ ಒಂದು ಹನಿಯೂ ಈ ಗೋಪುರಗಳಿಗೆ ಹೋಗಕೂಡದು.

ಹೋಗಬೇಕಾಗಿಯೂ ಇಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವ ಸಂಸ್ಕರಿತ ನೀರಿನ ಪ್ರಮಾಣ ದಿನಕ್ಕೆ 40 ಕೋಟಿ ಲೀಟರಿನ ಆಸುಪಾಸು. ಅದರ ಎದುರು ಆರು ಲಕ್ಷ ಲೆಕ್ಕಕ್ಕಿಲ್ಲ. ಅದನ್ನು ಇನ್ನೊಂದು ಹಂತ ಶುದ್ಧೀಕರಿಸಿ ಗೋಪುರಕ್ಕೆ ಬಿಡಬಹುದು. ಶುದ್ಧೀಕರಣದಲ್ಲಿ ಉದಾಸೀನ ಸಲ್ಲದು. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶಕ್ಕೆ ಬಂದವರಲ್ಲಿ ಹಲವರನ್ನು ಬಲಿ ತೆಗೆದುಕೊಂಡ ಲೀಜನೆಲ್ಲಾ ಬ್ಯಾಕ್ಟೀರಿಯಾಗಳಿಗೆ ಇಂಥ ಬೆಚ್ಚನೆಯ ಗೋಪುರಗಳೇ ತವರು. ಊರ ತುಂಬ ಚದುರಿದ, ಯಾರೂ ತಿರುಗಿ ನೋಡದ ನೂರಾರು ಚಿಕ್ಕ ಗೋಪುರಗಳಿಗಿಂತ ದಿನವೂ ಪರೀಕ್ಷೆಗೆ ಒಳಪಡುವ ಒಂದೆರಡೇ ವಾಸಿ.

ಇದರಿಂದ ಎಲ್ಲರ ಸೆಕೆ ನೀಗುತ್ತದೆ ಎಂದು ನಂಬಿಸುವವರನ್ನು ನಂಬಬೇಡಿ. ಕೊಳವೆ ಹಾಸುವ ಖರ್ಚು ಗಿಟ್ಟುವುದು ಕಟ್ಟಡಗಳು ಒತ್ತೊತ್ತಾಗಿ ಇರುವಲ್ಲಿ ಮಾತ್ರ. ರಾಯಚೂರು, ಕಲಬುರಗಿಗಳ ಬೇಸಿಗೆ ಬೆಂಗಳೂರಿನದಕ್ಕಿಂತ ಎಷ್ಟೋ ಕ್ರೂರ. ಆದರೆ ಅಲ್ಲಿನ ತಗಡಿನ ಮನೆಗೆ ಈ ಕೊಳಾಯಿ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಸುಣ್ಣ ಬಳಿದ ಚಾವಣಿ, ಕಿಟಕಿಗೆ ನೆರಳು, ಬೀದಿಗೆ ಬೇವಿನ ಮರ. ಪೂರ್ತಿ ಗಾಜು ಹೊದ್ದ ಕಚೇರಿ ಕಟ್ಟಡಕ್ಕೆ ಅಗ್ಗದ ತಂಪು ಕೊಟ್ಟು ಅದನ್ನು ಹಸಿರು ಎಂದು ಕರೆಯುವುದೂ ನನಗೆ ಒಪ್ಪಿಗೆಯಿಲ್ಲ. ಮೊದಲು ಗಾಜು ಕಡಿಮೆಯಾಗಲಿ, ಉಳಿದ ಸೆಕೆಗೆ ಕೊಳವೆ ಬರಲಿ. ಆ ಉಳಿದ ಸೆಕೆ ನಮ್ಮಲ್ಲಿ ಸಣ್ಣದೇನಲ್ಲ. ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕುಗಳು, ಬಿಳೇಕಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗಿನ ದೊಡ್ಡ ಆಸ್ಪತ್ರೆಗಳು, ಮಾಲ್‌ಗಳು ಎಲ್ಲವೂ ತಮ್ಮ ತಮ್ಮ ಚಾವಣಿಯ ಮೇಲೆ ತಮ್ಮದೇ ಗೋಪುರ ಇಟ್ಟುಕೊಂಡು ಕೂತಿವೆ. ಒಂದೇ ಆವರಣದ ಕಟ್ಟಡಗಳನ್ನಾದರೂ ಬೆಸೆಯಲು ಸರ್ಕಾರದ ಅಪ್ಪಣೆಗೂ ಕಾಯಬೇಕಿಲ್ಲ.

ಸರ್ಕಾರ ಮಾಡಬಹುದಾದದ್ದು ಬೇರೆ ಕಡೆ ಇದೆ. ದೊಡ್ಡಬಳ್ಳಾಪುರ-ದಾಬಸ್‌ಪೇಟೆ ನಡುವೆ ಕ್ವಿನ್ ಸಿಟಿ, ಬಿಡದಿಯಲ್ಲಿ ಉಪನಗರ ಎಂದು ಘೋಷಣೆಗಳಾಗಿವೆ. ಅವು ಬೇಕೇ ಬೇಡವೇ, ಅಲ್ಲಿನ ರೈತರ ಜಮೀನಿನ ಗತಿಯೇನು ಎಂಬುದು ಬೇರೆಯೇ ದೊಡ್ಡ ಜಗಳ. ಕಟ್ಟುವುದೇ ಖಚಿತವಾದರೆ, ನಕ್ಷೆ ಕಾಗದದ ಮೇಲಿರುವಾಗಲೇ ಮುಖ್ಯರಸ್ತೆಗಳ ಅಡಿ ಎರಡು ಕೊಳವೆಗಳಿಗೆ ಸುರಂಗ, ಪಕ್ಕದಲ್ಲಿ ಕೊಳಚೆ ನೀರು ಸಂಸ್ಕರಣಾ ಘಟಕ, ಅದರ ಮಗ್ಗುಲಲ್ಲಿ ತಂಪಿನ ಸ್ಥಾವರಕ್ಕೆ ಒಂದಿಷ್ಟು ಗುಂಟೆ ಜಾಗ ಬರೆದಿಡಲಿ. ದರ ನಿಗದಿಯ ಅಧಿಕಾರ ಕಂಪನಿಯ ಕೈಗೆ ಹೋಗದಂತೆ ಒಂದು ಕಾಯ್ದೆಯೂ ಅದರ ಜೊತೆಗೇ ಬರಲಿ. ರಸ್ತೆಗೆ ಡಾಂಬರು ಬಿದ್ದು, ಪ್ರತಿ ಕಟ್ಟಡವೂ ತನ್ನ ಚಿಲ್ಲರ್ ಕೊಂಡಾದ ಮೇಲೆ ಈ ಕೆಲಸಕ್ಕೆ ಕೈಹಾಕುವವರು ಯಾರೂ ಸಿಗುವುದಿಲ್ಲ.